1948ರ ಮಗುವಿನ ತೂಕದ ಕಾರ್ಡ್: ಎನ್‌ಎಚ್‌ಎಸ್ ಬಂದ ಮೇಲೂ ಕೌನ್ಸಿಲ್ ಮುದ್ರೆ ಯಾಕೆ?

ಹಳೇಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಒಂದು ಗೊಂದಲ ಇದೆ, ತಿಳಿದವರು ಬಿಡಿಸಿಕೊಡಿ.

ನಾನಿರುವುದು ಇಂಗ್ಲೆಂಡಿನ ಮಧ್ಯಭಾಗದ ಒಂದು ಸಣ್ಣ ಊರಿನಲ್ಲಿ. ಹೋದ ವಾರ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಬಿಸ್ಕತ್ ಡಬ್ಬಿ ಕೊಂಡೆ. ಡಬ್ಬಿ ಚೆನ್ನಾಗಿದೆ ಅಂತ ಕೊಂಡಿದ್ದು, ಒಳಗೇನಿದೆ ಅಂತ ನೋಡಿರಲೇ ಇಲ್ಲ. ಮನೆಗೆ ಬಂದು ಮುಚ್ಚಳ ತೆಗೆದರೆ ಒಂದಷ್ಟು ಗುಂಡಿಗಳು, ಒಂದು ಹಸಿರು ರೇಷನ್ ಪುಸ್ತಕದ ರಟ್ಟು, ಒಂದು ಖಾಲಿ ಸೀಸೆ, ಅಡಿಯಲ್ಲಿ ನಾಲ್ಕಾಗಿ ಮಡಚಿಟ್ಟ ಒಂದು ಕಾರ್ಡ್. ಮಗುವಿನ ತೂಕ ಬರೆಯುವ ಕಾರ್ಡ್ ಅದು. ಮೊದಲ ಸಾಲಿನ ತಾರೀಖು 1948ರ ನವೆಂಬರ್. ತೂಕ 7 ಪೌಂಡ್ 9 ಔನ್ಸ್. ಆಮೇಲೆ ವಾರ ವಾರಕ್ಕೂ ಒಂದೊಂದು ಸಾಲು, ಪಕ್ಕದಲ್ಲಿ ಯಾರದೋ ಚಿಕ್ಕ ಸಹಿ. ಒಂದು ವಾರ ಮಾತ್ರ ತೂಕ 3 ಔನ್ಸ್ ಇಳಿದಿದೆ, ಅಲ್ಲಿ 'ನೆಗಡಿ' ಅಂತ ಬರೆದಿದ್ದಾರೆ. ಯಾರ ಮಗುವೋ ಏನೋ, ಆ ಸಾಲು ನೋಡಿ ನನಗೇ ಒಂಥರಾ ಆಯಿತು.

ಈಗ ಪ್ರಶ್ನೆ. ಕಾರ್ಡಿನ ತಲೆಯ ಮೇಲೆ ನಮ್ಮ ಊರಿನ ಆಡಳಿತ ನಡೆಸುತ್ತಿದ್ದ ಬರೋ ಕೌನ್ಸಿಲ್‌ನ ಹೆಸರು ಅಚ್ಚಾಗಿದೆ. ಅದಕ್ಕೆ ಶಾಯಿಯಲ್ಲಿ ಗೀಟು ಹೊಡೆದು ಮೇಲೆ ಓರೆಯಾಗಿ ಇಡೀ ಜಿಲ್ಲೆಯನ್ನು ನೋಡಿಕೊಳ್ಳುವ ಕೌಂಟಿ ಕೌನ್ಸಿಲ್‌ನ ರಬ್ಬರ್ ಮುದ್ರೆ ಒತ್ತಿದ್ದಾರೆ. ಆದರೆ 1948ರ ಜುಲೈನಲ್ಲೇ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್ ಶುರುವಾಗಿತ್ತಲ್ವಾ? ಹಾಗಿದ್ದರೆ ನವೆಂಬರ್‌ನಲ್ಲಿ ಮಗು ತೂಗಿದ್ದು ಎನ್‌ಎಚ್‌ಎಸ್ ತಾನೇ? ಕೌನ್ಸಿಲ್ ಯಾಕೆ ಬಂತು, ಅದರಲ್ಲೂ ಎರಡೆರಡು ಕೌನ್ಸಿಲ್ ಯಾಕೆ? ಸೀಸೆಯ ಮೇಲಿನ ಹರಿದ ಚೀಟಿಯಲ್ಲಿ ಕಿತ್ತಳೆ ರಸ, ಆಹಾರ ಸಚಿವಾಲಯ ಅನ್ನುವಷ್ಟು ಓದಬಹುದು. ಅಲ್ಲಿಗೆ ಮೂರನೆಯ ಯಜಮಾನ! ಕಾರ್ಡಿನ ಮೂಲೆಯಲ್ಲಿ ನೇರಳೆ ಪೆನ್ಸಿಲಿನಲ್ಲಿ 'ಡಿಪ್ 1', 'ಡಿಪ್ 2' ಅಂತಲೂ ಇದೆ, ತಿಂಗಳ ಅಂತರದ ಎರಡು ತಾರೀಖು ಹಾಕಿ. ಅದೇನು?

ನಾನು ಕಸ ಎಸೆಯುವ ತೊಟ್ಟಿ ವಿಷಯಕ್ಕೆ ಬಿಟ್ಟರೆ ಕೌನ್ಸಿಲ್ ಬಗ್ಗೆ ಯೋಚಿಸಿದವನೇ ಅಲ್ಲ. ಸ್ವಲ್ಪ ವಿವರವಾಗಿಯೇ ಹೇಳಿ.


ಕಡತದಹುಳ:

ನಿಮ್ಮ ಡಬ್ಬಿ ನೋಡಿ ಹೊಟ್ಟೆಕಿಚ್ಚಾಯಿತು ಅಂತ ಮೊದಲೇ ಹೇಳಿಬಿಡುತ್ತೇನೆ.

ಗೀಟು ಹೊಡೆದ ಹೆಸರಿನಿಂದಲೇ ಶುರು ಮಾಡೋಣ. ಬಾಣಂತಿ ಮತ್ತು ಮಕ್ಕಳ ಕ್ಲಿನಿಕ್ ನಡೆಸುವ ಅಧಿಕಾರ 1918ರ ಕಾನೂನಿನಿಂದ ಕೌನ್ಸಿಲ್‌ಗಳಿಗೆ ಬಂದದ್ದು. ಸಣ್ಣ ಊರಿನ ಎಷ್ಟೋ ಬರೋಗಳೂ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದವು. ಎನ್‌ಎಚ್‌ಎಸ್ ಕಾನೂನು ಪಾಸಾದದ್ದು 1946ರಲ್ಲಿ, ಜಾರಿಗೆ ಬಂದದ್ದು 1948ರ ಜುಲೈ 5ಕ್ಕೆ. ಆ ದಿನ ಈ ಕೆಲಸ ಸಣ್ಣ ಬರೋಗಳ ಕೈಯಿಂದ ಕೌಂಟಿ ಕೌನ್ಸಿಲ್‌ಗೆ ಹೋಯಿತು. ದೊಡ್ಡ ಊರುಗಳು, ಅಂದರೆ ಕೌಂಟಿ ಬರೋ ಅನ್ನಿಸಿಕೊಂಡವು, ಮೊದಲಿನ ಹಾಗೇ ತಾವೇ ಇಟ್ಟುಕೊಂಡವು. ನಿಮ್ಮದು ಸಣ್ಣ ಊರು, ಹಾಗಾಗಿ ಕಳೆದುಕೊಂಡಿತು. ಕ್ಲಿನಿಕ್ಕಿನ ಬೀರುವಿನಲ್ಲಿ ಹಳೆ ಕಾರ್ಡಿನ ಕಟ್ಟುಗಳು ಉಳಿದಿರಬೇಕು. ಯುದ್ಧ ಮುಗಿದು ಮೂರು ವರ್ಷವಾದರೂ ಕಾಗದಕ್ಕೆ ತತ್ವಾರ, ಯಾರು ಎಸೆಯುತ್ತಾರೆ? ಗೀಟು ಹೊಡೆದು ಮುದ್ರೆ ಒತ್ತಿ ಬಳಸಿದ್ದಾರೆ. ಹಾಲ್ ಅದೇ, ತಕ್ಕಡಿ ಅದೇ, ಬಹುಶಃ ತೂಗಿದ ನರ್ಸ್ ಕೂಡ ಅವರೇ. ಸಂಬಳ ಕೊಡುವವರು ಮಾತ್ರ ಬೇರೆ.

ಇನ್ನು ಎನ್‌ಎಚ್‌ಎಸ್ ಬಂತಲ್ಲ, ಕೌನ್ಸಿಲ್ ಯಾಕೆ ಅಂತ. ಇಲ್ಲೇ ಎಲ್ಲರೂ ಎಡವುವುದು. 1948ರ ಎನ್‌ಎಚ್‌ಎಸ್ ಒಂದೇ ಮನೆಯಾಗಿರಲಿಲ್ಲ, ಮೂರು ಪಾಲಾದ ಮನೆ. ಆಸ್ಪತ್ರೆಗಳು ಪ್ರಾದೇಶಿಕ ಆಸ್ಪತ್ರೆ ಮಂಡಳಿಗಳ ಕೈಗೆ ಹೋದವು, ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಅಂಥವು 14. ಮನೆ ಡಾಕ್ಟರು, ಹಲ್ಲಿನ ಡಾಕ್ಟರು, ಕನ್ನಡಕದವರು ಎಕ್ಸಿಕ್ಯುಟಿವ್ ಕೌನ್ಸಿಲ್ ಅನ್ನುವುದರ ಕೆಳಗೆ. ಹೆಸರಲ್ಲಿ ಕೌನ್ಸಿಲ್ ಇದ್ದರೂ ಅದು ಊರಿನ ಕೌನ್ಸಿಲ್ ಅಲ್ಲ, ಅಲ್ಲೂ ಮೋಸ ಹೋಗಬೇಡಿ. ಮಿಕ್ಕಿದ್ದೆಲ್ಲ ಕೌಂಟಿ ಮತ್ತು ಕೌಂಟಿ ಬರೋ ಕೌನ್ಸಿಲ್‌ಗೆ. ಮಿಕ್ಕಿದ್ದು ಅಂದರೆ ಸ್ವಲ್ಪವಲ್ಲ. ಬಾಣಂತಿ ಮತ್ತು ಮಕ್ಕಳ ಕ್ಲಿನಿಕ್, ಮನೆಗೆ ಬಂದು ಹೆರಿಗೆ ಮಾಡಿಸುವ ಮಿಡ್‌ವೈಫ್, ಆಮೇಲೆ ಮನೆಗೆ ಬಂದು ಮಗುವನ್ನು ವಿಚಾರಿಸುವ ಹೆಲ್ತ್ ವಿಸಿಟರ್, ಮನೆಗೆ ಬರುವ ನರ್ಸ್, ಲಸಿಕೆ, ಆಂಬುಲೆನ್ಸ್, ಕಾಯಿಲೆ ಬಿದ್ದವರ ಮನೆಗೆಲಸಕ್ಕೆ ಹೋಮ್ ಹೆಲ್ಪ್. ಹೌದು, ಆಂಬುಲೆನ್ಸ್ ಕೂಡ ಕೌನ್ಸಿಲ್‌ದೇ.

ಒಬ್ಬ ಬಸುರಿ ಹೆಂಗಸನ್ನು ನೆನೆಸಿಕೊಳ್ಳಿ, 1949ರಲ್ಲಿ. ತಿಂಗಳ ತಪಾಸಣೆಗೆ ಕೌನ್ಸಿಲ್ ಕ್ಲಿನಿಕ್, ಜ್ವರ ಬಂದರೆ ಎಕ್ಸಿಕ್ಯುಟಿವ್ ಕೌನ್ಸಿಲ್‌ನ ಡಾಕ್ಟರು, ಹೆರಿಗೆ ಆಸ್ಪತ್ರೆಯಲ್ಲಾದರೆ ಆಸ್ಪತ್ರೆ ಮಂಡಳಿ, ಅಲ್ಲಿಗೆ ಕರೆದುಕೊಂಡು ಹೋಗುವ ಗಾಡಿ ಮತ್ತೆ ಕೌನ್ಸಿಲ್‌ದು, ಮಗು ಎತ್ತಿಕೊಂಡು ಮನೆಗೆ ಬಂದ ಮೇಲೆ ಬಾಗಿಲು ಬಡಿಯುವ ಹೆಲ್ತ್ ವಿಸಿಟರೂ ಕೌನ್ಸಿಲ್‌ನವರು. ಮೂವರೂ ಒಬ್ಬರಿಗೊಬ್ಬರು ಕಾಗದ ಬರೆದುಕೊಳ್ಳಬೇಕು. ಆಗಲೇ ಜನ ಇದರ ಬಗ್ಗೆ ಗೊಣಗುತ್ತಿದ್ದರು.

ಹೀಗೆ ಯಾಕೆ ಹಂಚಿದರು ಅಂದರೆ, ಜಗಳದ ಫಲ ಅದು. 1948ಕ್ಕೆ ಮುಂಚೆ ಎಷ್ಟೋ ಆಸ್ಪತ್ರೆಗಳು ಕೌನ್ಸಿಲ್‌ಗಳದ್ದೇ. ಲಂಡನ್ ಕೌಂಟಿ ಕೌನ್ಸಿಲ್ ಅಂತೂ 1930ರಲ್ಲಿ, ಗತಿಯಿಲ್ಲದವರಿಗೆ ನೆರವು ಕೊಡುತ್ತಿದ್ದ ಹಳೆ ಬಡವರ ಕಾನೂನಿನ ಆಸ್ಪತ್ರೆಗಳನ್ನೆಲ್ಲ ವಹಿಸಿಕೊಂಡು ಭಾರಿ ದೊಡ್ಡ ಆಸ್ಪತ್ರೆ ಯಜಮಾನನೇ ಆಗಿತ್ತು. ಅಲ್ಲಿ ನಾಯಕನಾಗಿದ್ದ ಹರ್ಬರ್ಟ್ ಮಾರಿಸನ್ ಆಸ್ಪತ್ರೆಗಳನ್ನು ಕೌನ್ಸಿಲ್‌ಗಳಿಂದ ಕಿತ್ತುಕೊಳ್ಳಬೇಡಿ ಅಂತ ಮಂತ್ರಿಮಂಡಲದಲ್ಲಿ ವಾದ ಮಾಡಿದರು. ಆರೋಗ್ಯ ಮಂತ್ರಿ ಅನೈರಿನ್ ಬೆವನ್ ಒಪ್ಪಲಿಲ್ಲ. ಡಾಕ್ಟರುಗಳಿಗಂತೂ ಊರ ಕೌನ್ಸಿಲರುಗಳ ಕೈಕೆಳಗೆ ದುಡಿಯುವುದು ಸುತರಾಂ ಬೇಕಿರಲಿಲ್ಲ. ಬೆವನ್ ಗೆದ್ದರು. ಆಸ್ಪತ್ರೆ ಹೋಯಿತು, ಮನೆಬಾಗಿಲಿನ ಕೆಲಸ ಕೌನ್ಸಿಲ್‌ಗೆ ಉಳಿಯಿತು.

'ಡಿಪ್' ಅಂದರೆ ಡಿಫ್ತೀರಿಯಾ, ನಮ್ಮ ಗಂಟಲಮಾರಿ. ಎರಡು ಚುಚ್ಚುಮದ್ದು, ಮೊದಲ ಹುಟ್ಟುಹಬ್ಬದ ಒಳಗೆ ಹಾಕಿಸಿ ಅಂತ ಊರೆಲ್ಲ ಪೋಸ್ಟರ್ ಅಂಟಿಸುತ್ತಿದ್ದರು. 1940ರಲ್ಲಿ ಯುನೈಟೆಡ್ ಕಿಂಗ್‌ಡಮ್‌ನಲ್ಲಿ ಈ ಕಾಯಿಲೆ 61,000ಕ್ಕೂ ಹೆಚ್ಚು ಜನಕ್ಕೆ ಬಂದು 3,283 ಸಾವು. 1957ರಲ್ಲಿ 38 ಜನಕ್ಕೆ, ಸಾವು 6. ಇದರಲ್ಲಿ ಬಹುಪಾಲು ಚುಚ್ಚಿದವರು ಕೌನ್ಸಿಲ್ ಕ್ಲಿನಿಕ್ಕಿನವರು, ಶಾಲೆಗೆ ಹೋಗುತ್ತಿದ್ದ ಕೌನ್ಸಿಲ್ ನರ್ಸುಗಳು. ನಿಮ್ಮ ಕಾರ್ಡಿನ ಆ ಎರಡು ಪೆನ್ಸಿಲ್ ಗುರುತು ಆ ಲೆಕ್ಕದ ಒಳಗಿವೆ.

ಸೀಸೆಯ ವಿಷಯ ಬಲ್ಲವರು ಬೇರೆಯವರಿದ್ದಾರೆ, ಬರಲಿ.


ನಿವೃತ್ತನರ್ಸ್:

ಸೀಸೆಗೆ ನಾನು ಬಂದೆ.

ನಾನು ಈ ದೇಶಕ್ಕೆ ಬಂದಿದ್ದು 1966ರಲ್ಲಿ, ನರ್ಸಿಂಗ್ ಕಲಿಯಲು. ಆಮೇಲೆ ಹೆಲ್ತ್ ವಿಸಿಟರ್ ಆಗಿ ಒಂದು ಕೌಂಟಿ ಕೌನ್ಸಿಲ್‌ಗೆ ಸೇರಿದೆ. ಆದ್ದರಿಂದ 1948 ನಾನು ಕಂಡಿದ್ದಲ್ಲ, ಆದರೆ ನನಗೆ ಕೆಲಸ ಕಲಿಸಿದ ಹಿರಿಯರೆಲ್ಲ ಆ ಕಾಲದವರೇ. ಅವರ ಬಾಯಲ್ಲಿ ಕೇಳಿದ್ದು ಮತ್ತು ನಾನು ಕೊನೆಕೊನೆಗೆ ನೋಡಿದ್ದು ಎರಡೂ ಸೇರಿಸಿ ಬರೆಯುತ್ತೇನೆ, ತಪ್ಪಿದ್ದರೆ ಕಡತದ ಸಾಹೇಬರು ತಿದ್ದಲಿ.

ಯುದ್ಧಕಾಲದಲ್ಲಿ ಮಕ್ಕಳಿಗೂ ಬಸುರಿಯರಿಗೂ ಸರ್ಕಾರ ಕಿತ್ತಳೆ ರಸ, ಮೀನೆಣ್ಣೆ, ಹಾಲಿನ ಪುಡಿ ಕೊಡಲು ಶುರು ಮಾಡಿತು. ಹಸಿರು ರೇಷನ್ ಪುಸ್ತಕ ಅಂದಿರಲ್ಲ, ಅದು ಬಸುರಿಯರದು ಮತ್ತು 5 ವರ್ಷದೊಳಗಿನ ಮಕ್ಕಳದು. ದೊಡ್ಡವರ ಪುಸ್ತಕ ಬೇರೆ ಬಣ್ಣ. ಕಿತ್ತಳೆ ರಸಕ್ಕೆ ಸೀಸೆಗೆ 5 ಪೆನ್ಸ್, ಮೀನೆಣ್ಣೆ ಬಿಟ್ಟಿ. ಬಿಟ್ಟಿ ಕೊಟ್ಟರೂ ಮೀನೆಣ್ಣೆ ಯಾರಿಗೂ ಬೇಡ, ವಾಸನೆ ಅಂಥದ್ದು! ರಸಕ್ಕೆ ಮಾತ್ರ ಸಾಲು ನಿಲ್ಲುತ್ತಿದ್ದರಂತೆ. 1954ರವರೆಗೆ ಇದೆಲ್ಲ ಆಹಾರ ಸಚಿವಾಲಯದ್ದು, ಆಮೇಲೆ ಕೌನ್ಸಿಲ್‌ಗೆ ಬಂತು. ಆದರೆ ಅದಕ್ಕೂ ಮುಂಚೆ ಬಹಳ ಕಡೆ ಹಂಚುತ್ತಿದ್ದದ್ದು ಕೌನ್ಸಿಲ್ ಕ್ಲಿನಿಕ್ಕಿನ ಒಂದು ಮೂಲೆಯ ಮೇಜಿನ ಮೇಲೇ. ಅಮ್ಮಂದಿರು ಹೇಗೂ ಮಗು ತೂಗಿಸಲು ಬರುತ್ತಾರಲ್ಲ. ಅಥವಾ ತಿರುಗಿಸಿ ಹೇಳಬಹುದು, ರಸಕ್ಕೆ ಹೇಗೂ ಬರುತ್ತಾರಲ್ಲ, ಮಗು ತೂಗಿಬಿಡೋಣ ಅಂತ. ನಮ್ಮ ಹಿರಿಯರು ಎರಡನೆಯದೇ ನಿಜ ಅನ್ನುತ್ತಿದ್ದರು.

ಕ್ಲಿನಿಕ್ ಅಂದರೆ ಆಸ್ಪತ್ರೆ ತರಹ ಅಲ್ಲ. ಚರ್ಚಿನ ಹಾಲ್ ಬಾಡಿಗೆಗೆ, ವಾರಕ್ಕೆ ಒಂದು ಮಧ್ಯಾಹ್ನ. ಹೊರಗೆ ಗೋಡೆಯ ಉದ್ದಕ್ಕೂ ಮಕ್ಕಳ ಗಾಡಿಗಳ ಸಾಲು. ಒಳಗೆ ಒಂದು ಒಲೆ, ಅದರ ಹತ್ತಿರ ಕುರ್ಚಿ ಸಿಕ್ಕಿದವರ ಪುಣ್ಯ. ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ ಶಾಲಿನಲ್ಲಿ ಸುತ್ತಿಕೊಂಡು ಕಾಯಬೇಕು. ತಕ್ಕಡಿಯ ತಟ್ಟೆಗೆ ಹಾಸಲು ಮನೆಯಿಂದಲೇ ಬಟ್ಟೆ ತರಬೇಕು. ತಣ್ಣನೆ ತಟ್ಟೆ ತಾಗಿದ ಕೂಡಲೇ ಮಗು ಕೈಕಾಲು ಬಡಿಯುತ್ತದೆ, ಮುಳ್ಳು ನಿಲ್ಲುವುದೇ ಇಲ್ಲ. ಹಾಗಾಗಿ ಒಂದೆರಡು ಔನ್ಸ್ ಹೆಚ್ಚುಕಮ್ಮಿ ಎಲ್ಲ ನರ್ಸಿನ ಅಂದಾಜು. ನಿಮ್ಮ ಕಾರ್ಡಿನ ಆ 3 ಔನ್ಸ್ ನೆಗಡಿಯಿಂದಲೇ ಇಳಿದದ್ದು ಅಂತ ನಾನು ಪ್ರಮಾಣ ಮಾಡಲಾರೆ.

ಮಗು ಹುಟ್ಟಿದ 36 ಗಂಟೆಯೊಳಗೆ ಕೌನ್ಸಿಲ್‌ನ ಆರೋಗ್ಯಾಧಿಕಾರಿಗೆ ತಿಳಿಸಬೇಕು ಅನ್ನುವುದು ಆಗಿನ ಕಾನೂನು. ಆ ಚೀಟಿ ಹೆಲ್ತ್ ವಿಸಿಟರ್ ಮೇಜಿಗೆ ಬರುತ್ತದೆ, ಮಿಡ್‌ವೈಫ್ ಬರುವುದು ನಿಲ್ಲಿಸಿದ ಮೇಲೆ ನಾವು ಹೋಗುತ್ತೇವೆ. ಕರೆಯದೇ ಹೋಗುವ ನೆಂಟರು ನಾವು. ಬೀದಿಯ ತುದಿಯಲ್ಲಿ ಹ್ಯಾಟ್ ಕಂಡರೆ ಸಾಕು, ಒಂದು ಮನೆಯಿಂದ ಇನ್ನೊಂದಕ್ಕೆ ಸುದ್ದಿ ಹೋಗುತ್ತಿತ್ತಂತೆ, ಬಂದಳು ಅಂತ. ನನಗೆ ಕಲಿಸಿದವರು ಮೊದಲ ದಿನವೇ ಹೇಳಿದ್ದು ಇಷ್ಟು: ಕೂರಿ ಅನ್ನುವ ತನಕ ಕೂರಬೇಡ, ಸುಮ್ನೆ ಕಣ್ಣು ಅಡುಗೆಮನೆ ಕಡೆ ಹರಿಸಬೇಡ, ಮಗುವನ್ನು ಮೊದಲು ಹೊಗಳು.

ಇನ್ನೊಂದು ವಿಷಯ. 1974ರ ಏಪ್ರಿಲ್ 1ಕ್ಕೆ ನಮ್ಮನ್ನೆಲ್ಲ ಕೌನ್ಸಿಲ್‌ನಿಂದ ತೆಗೆದು ಎನ್‌ಎಚ್‌ಎಸ್‌ಗೆ ಸೇರಿಸಿದರು. ಅದೇ ಕೋಣೆ, ಅದೇ ಮೇಜು, ಅದೇ ಕುಂಟುವ ಕುರ್ಚಿ. ಹೊಸ ಫಾರಂ ಬರಲು ತಿಂಗಳುಗಟ್ಟಲೆ ಆಯಿತು, ಅಲ್ಲಿಯ ತನಕ ಕೌಂಟಿ ಕೌನ್ಸಿಲ್ ಹೆಸರಿಗೆ ಗೀಟು ಹೊಡೆದು ಮುದ್ರೆ ಒತ್ತಿದವಳು ನಾನೇ. ನಿಮ್ಮ ಕಾರ್ಡಿನ ಮಾತು ಓದಿ ನಗು ತಡೆಯಲಿಲ್ಲ.


ಬರೀಪ್ರಶ್ನೆ:

ನಿವೃತ್ತನರ್ಸ್ ಅಮ್ಮ ಬರೆದದ್ದು ಓದಲು ಖುಷಿ. ಆದರೆ ಈ ಹಳೆ ಕೌನ್ಸಿಲ್ ಕಾಲದ ಬಗ್ಗೆ ಬರೆಯುವಾಗ ಎಲ್ಲರೂ ಮಗು, ತಕ್ಕಡಿ, ಕಿತ್ತಳೆ ರಸಕ್ಕೇ ನಿಲ್ಲಿಸಿಬಿಡುತ್ತಾರೆ. ಮುದುಕರ ಕಡೆಯೂ ಸ್ವಲ್ಪ ತಿರುಗಿ ನೋಡಿ.

ಅದೇ 1948ರ ಜುಲೈ 5ಕ್ಕೆ ಇನ್ನೊಂದು ಕಾನೂನೂ ಜಾರಿಗೆ ಬಂತು, ರಾಷ್ಟ್ರೀಯ ನೆರವು ಕಾನೂನು. ಬಡವರ ಕಾನೂನು ಇನ್ನಿಲ್ಲ ಅಂತ ಸಾರಿದ್ದೇ ಅದು. ಕೈಗೆ ದುಡ್ಡು ಕೊಡುವ ಕೆಲಸ ಕೇಂದ್ರದ ಮಂಡಳಿಗೆ, ತಲೆಯ ಮೇಲೆ ಸೂರು ಕೊಡುವ ಕೆಲಸ ಕೌನ್ಸಿಲ್‌ಗೆ. ಆ ಕಾನೂನಿನ ಮೂರನೆಯ ಭಾಗದಲ್ಲಿ ಇದು ಬರುವುದರಿಂದ ವೃದ್ಧರ ಮನೆಗಳಿಗೆ 'ಪಾರ್ಟ್ ತ್ರೀ' ಅನ್ನುವ ಹೆಸರೇ ನಿಂತುಬಿಟ್ಟಿತು. ಅವರನ್ನು ಪಾರ್ಟ್ ತ್ರೀಗೆ ಹಾಕಿದರು ಅಂತ ಜನ ಹೇಳುತ್ತಿದ್ದರು. 'ಹಾಕಿದರು' ಅನ್ನುವ ಕ್ರಿಯಾಪದ ಗಮನಿಸಿ.

ಬೆವನ್ ಸಂಸತ್ತಿನಲ್ಲಿ ಇದಕ್ಕೆ ಕೊಟ್ಟ ಹೋಲಿಕೆ ಹೋಟೆಲಿನದು. ಉಳ್ಳವರು ವಯಸ್ಸಾದ ಮೇಲೆ ಹೋಟೆಲಿನಲ್ಲಿ ಕೋಣೆ ಹಿಡಿದು ಇರುವುದಿಲ್ಲವೇ, ಹಾಗೆ ಬಾಡಿಗೆ ಕೊಟ್ಟು ಮರ್ಯಾದೆಯಿಂದ ಇರಲಿ, ಒಂದೊಂದು ಮನೆಯಲ್ಲಿ 25–30 ಜನ ಇರಲಿ ಅನ್ನುವ ಯೋಚನೆ. ಯೋಚನೆ ಚೆನ್ನಾಗಿಯೇ ಇತ್ತು, ನಾನು ಬೈಯುತ್ತಿಲ್ಲ. ವಾರದ ಪಿಂಚಣಿ 26 ಶಿಲಿಂಗ್. ಅದರಲ್ಲಿ 21 ಶಿಲಿಂಗ್ ಕೌನ್ಸಿಲ್‌ಗೆ, 5 ಶಿಲಿಂಗ್ ಕೈಖರ್ಚಿಗೆ ಉಳಿಯುತ್ತದೆ. ಕೈಯಲ್ಲಿ ಸ್ವಂತ 5 ಶಿಲಿಂಗ್ ಇದ್ದರೆ ಮನುಷ್ಯ ಬೇರೆಯೇ, ಒಪ್ಪುತ್ತೇನೆ.

ಆದರೆ ಕಟ್ಟಡ ಎಲ್ಲಿತ್ತು? ಇಟ್ಟಿಗೆ, ಸಿಮೆಂಟು, ಕೆಲಸದವರು ಎಲ್ಲ ಹೊಸ ಮನೆಗಳಿಗೆ ಹೋಗುತ್ತಿದ್ದರು. ಹಾಗಾಗಿ, ಗತಿಯಿಲ್ಲದವರನ್ನು ಇಟ್ಟು ದುಡಿಸುತ್ತಿದ್ದ ಹಳೆ ವರ್ಕ್‌ಹೌಸ್‌ಗಳ ಬೋರ್ಡ್ ಬದಲಾಯಿಸಿ ಹೊಸ ಹೆಸರಿಟ್ಟರು. ಒಳಗೆ ಅದೇ ಉದ್ದನೆಯ ಕೋಣೆ, ಅದೇ ಕಬ್ಬಿಣದ ಮಂಚಗಳ ಸಾಲು, ಬಟ್ಟೆ ಇಡಲು ಸ್ವಂತ ಕಪಾಟಿಲ್ಲ. ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ವೃದ್ಧರ ಮನೆ ಸುತ್ತಿ ನೋಡಿದಾಗಲೂ ಇಂಥವು ಧಾರಾಳವಾಗಿ ಇದ್ದವು. ಆ ಊರಲ್ಲೇ ಹುಟ್ಟಿ ಬೆಳೆದ ಮುದುಕಿಗೆ ಹೊಸ ಬೋರ್ಡ್ ತೋರಿಸಿ ಏನು ಪ್ರಯೋಜನ? ಅವಳಮ್ಮ ಯಾವ ಗೇಟ್ ಕಂಡರೆ ಹೆದರುತ್ತಿದ್ದಳೋ ಅದೇ ಗೇಟು.

ಇನ್ನು ಅದೇ ಕಾನೂನಿನ 47ನೇ ಸೆಕ್ಷನ್. ಮನೆಯಲ್ಲಿ ಕೊಳಕಿನಲ್ಲಿ ಒಂಟಿಯಾಗಿ ಬಿದ್ದಿರುವವರನ್ನು, ಅವರಿಗೆ ಇಷ್ಟವಿಲ್ಲದಿದ್ದರೂ, ಆರೋಗ್ಯಾಧಿಕಾರಿ ಬರೆದುಕೊಟ್ಟರೆ ಕೋರ್ಟಿನ ಆದೇಶದ ಮೇಲೆ ಎತ್ತಿಕೊಂಡು ಹೋಗಬಹುದಿತ್ತು. ಬಳಕೆ ಕಡಿಮೆ ಇರಬಹುದು. ಇತ್ತು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಅದು ಸಾಲದೇ?

ಊಟದ್ದೂ ಕೇಳಿ. ಮನೆಯಲ್ಲಿರುವ ಮುದುಕರಿಗೆ ಬಿಸಿಯೂಟ ಮುಟ್ಟಿಸಲು ಕೌನ್ಸಿಲ್‌ಗೆ ನೇರ ಅಧಿಕಾರ ಬಂದದ್ದು 1962ರಲ್ಲಿ. ಅಲ್ಲಿಯವರೆಗೆ ಹೆಂಗಸರದೇ ಆದ ಡಬ್ಲ್ಯುವಿಎಸ್‌ನಂಥ ಸ್ವಯಂಸೇವಕ ಸಂಸ್ಥೆಗಳಿಗೆ ಸಹಾಯಧನ ಕೊಡಬಹುದಿತ್ತು ಅಷ್ಟೇ. ಆ ಹೆಂಗಸರು ತಮ್ಮ ಕಾರಿನಲ್ಲಿ ಊಟ ಹೊತ್ತರು, ದಿನವೂ ಅಲ್ಲ, ವಾರಕ್ಕೆ ಎರಡು ಸಲ ಬಂದರೆ ದೊಡ್ಡದು.


ನಿವೃತ್ತನರ್ಸ್:

ಬರೀಪ್ರಶ್ನೆಯವರೇ, ಇದರಲ್ಲಿ ನಾನು ಜಗಳ ಆಡುವುದಿಲ್ಲ. ಅಂಥ ಒಂದು ಮನೆಗೆ ನಾನೂ ಹೋಗಿದ್ದೇನೆ, ಊರಿನ ಹೆಸರು ಬೇಡ. 1970ರ ಹೊತ್ತಿಗೂ ಹಾಗೇ ಇತ್ತು. ಒಬ್ಬಾಕೆ ತನ್ನ ಕನ್ನಡಕ, ಒಂದು ಫೋಟೋ, ಅರ್ಧ ಪೊಟ್ಟಣ ಮಿಂಟ್ ಇಷ್ಟನ್ನೂ ಒಂದು ಕೈಚೀಲದಲ್ಲಿ ಹಾಕಿ ಹೊದಿಕೆಯೊಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ಇಡಲು ಬೇರೆ ಜಾಗ ಇಲ್ಲ.

ಆದರೆ ಹೋಮ್ ಹೆಲ್ಪ್‌ಗಳನ್ನು ಮರೆಯಬೇಡಿ. ಬೆಳಿಗ್ಗೆ ಬಂದು ಒಲೆಯ ಬೂದಿ ಬಳಿದು, ಕಲ್ಲಿದ್ದಲು ತಂದು ಹಾಕಿ, ಅಂಗಡಿಯಿಂದ ಸಾಮಾನು ತಂದುಕೊಟ್ಟು ಹೋಗುತ್ತಿದ್ದವರು. ಮೊದಲು ಬಾಣಂತಿ ಮನೆಗಳಿಗೆ ಅಂತ ಶುರುವಾದದ್ದು, ಆಮೇಲೆ ನೋಡುತ್ತ ನೋಡುತ್ತ ಬಹುಪಾಲು ಮುದುಕರ ಮನೆಗಳೇ ಆದವು. ಆ ಗೇಟಿನ ಒಳಗೆ ಹೋಗದೆ ಎಷ್ಟೋ ಜನ ಸ್ವಂತ ಮನೆಯಲ್ಲೇ ಉಳಿದದ್ದು ಅವರಿಂದ. ಅದಕ್ಕೂ ದುಡ್ಡು ಇರುವವರ ಹತ್ತಿರ ಕೌನ್ಸಿಲ್ ಶುಲ್ಕ ವಸೂಲಿ ಮಾಡುತ್ತಿತ್ತು ಅನ್ನಿ, ಎನ್‌ಎಚ್‌ಎಸ್ ಡಾಕ್ಟರಿನ ಹಾಗೆ ಪೂರ್ತಿ ಬಿಟ್ಟಿ ಅಲ್ಲ.


ಹೊಗೆಗೊಳವೆ:

ನೀವೆಲ್ಲ ನರ್ಸುಗಳ ಬಗ್ಗೆ ಬರೆದಿರಿ. ಗಂಬೂಟು ಹಾಕಿಕೊಂಡು ಚರಂಡಿಗೆ ಇಳಿದವರನ್ನು ಯಾರೂ ನೆನೆಯಲಿಲ್ಲ, ಅದಕ್ಕೇ ಬಂದೆ.

ಕೌನ್ಸಿಲ್‌ನ ಆರೋಗ್ಯಾಧಿಕಾರಿ ಅನ್ನುವ ಹುದ್ದೆ ಬಹಳ ಹಳೆಯದು. ಮೊದಲನೆಯವರು 1847ರಲ್ಲಿ ಲಿವರ್‌ಪೂಲ್‌ನ ಡಾಕ್ಟರ್ ವಿಲಿಯಂ ಹೆನ್ರಿ ಡಂಕನ್. ಈ ಅಧಿಕಾರಿ ಪ್ರತಿ ವರ್ಷ ಒಂದು ವರದಿ ಬರೆಯಬೇಕಿತ್ತು. ಅದನ್ನು ಓದಿದರೆ ತಲೆ ತಿರುಗುತ್ತದೆ. ಒಂದು ಪುಟದಲ್ಲಿ ಎಷ್ಟು ಮಕ್ಕಳು ಹುಟ್ಟಿದರು, ಮುಂದಿನ ಪುಟದಲ್ಲಿ ಎಷ್ಟು ಇಲಿ ಹಿಡಿದೆವು, ಆಮೇಲೆ ಎಷ್ಟು ಹಂದಿಮಾಂಸ ಸುಟ್ಟೆವು, ಎಷ್ಟು ಮನೆ ವಾಸಕ್ಕೆ ಯೋಗ್ಯವಲ್ಲ. ನಿಮ್ಮ ಬರೋ ಮಗುವನ್ನು ಕೌಂಟಿಗೆ ಕೊಟ್ಟಿತು ಸರಿ, ಆದರೆ ಈ ಇಲಿ, ಮಾಂಸ, ಚರಂಡಿ, ಕೊಳಗೇರಿ ಎಲ್ಲ ಅದರ ಕೈಯಲ್ಲೇ ಉಳಿಯಿತು. ಸ್ಯಾನಿಟರಿ ಇನ್‌ಸ್ಪೆಕ್ಟರ್ ಅನ್ನುತ್ತಿದ್ದರು, 1956ರಿಂದ ಪಬ್ಲಿಕ್ ಹೆಲ್ತ್ ಇನ್‌ಸ್ಪೆಕ್ಟರ್. ಕೆಲಸ ಅದೇ, ಮೂಗು ಮುಚ್ಚಿಕೊಂಡು ಒಳಗೆ ಹೋಗುವುದು.

ಐಸ್‌ಕ್ರೀಂ ಕೂಡ ಅವರದೇ ತಲೆನೋವು. 1946ರಲ್ಲಿ ವೇಲ್ಸ್‌ನ ಆಬರಿಸ್ಟ್‌ವಿತ್‌ನಲ್ಲಿ ಐಸ್‌ಕ್ರೀಂನಿಂದ ಟೈಫಾಯ್ಡ್ ಹರಡಿತು. ಮರುವರ್ಷವೇ ಐಸ್‌ಕ್ರೀಂ ಮಿಶ್ರಣವನ್ನು ಕಾಯಿಸಿಯೇ ಮಾಡಬೇಕು ಅನ್ನುವ ನಿಯಮ ಬಂತು. ಅದನ್ನು ಪಾಲಿಸುತ್ತಾರಾ ಅಂತ ಅಂಗಡಿ ಅಂಗಡಿ ಅಲೆದವರು ಈ ಇನ್‌ಸ್ಪೆಕ್ಟರುಗಳು.

ಕೌನ್ಸಿಲ್‌ಗಳೇ ಕೆಡಿಸಿದ ಉದಾಹರಣೆಯೂ ಇದೆ, ಮುಚ್ಚಿಡುವುದು ಬೇಡ. ಸ್ವಲ್ಪ ಹಿಂದಿನದು, 1937ರ ಕ್ರಾಯ್ಡನ್. ಊರಿಗೆ ನೀರು ಕೊಡುತ್ತಿದ್ದ ಕೌನ್ಸಿಲ್‌ನ ಬಾವಿಯಲ್ಲೇ ರಿಪೇರಿ ಕೆಲಸ ನಡೆದಿತ್ತು. ಇಳಿದ ಕೆಲಸಗಾರರಲ್ಲಿ ಒಬ್ಬನ ದೇಹದಲ್ಲಿ ಟೈಫಾಯ್ಡ್ ರೋಗಾಣು ಇತ್ತು, ಆ ಹೊತ್ತಿನಲ್ಲೇ ನೀರಿಗೆ ಕ್ಲೋರಿನ್ ಹಾಕುವುದೂ ನಿಂತಿತ್ತು. 43 ಜನ ಸತ್ತರು. ಬಾವಿಯಲ್ಲಿ ಕೆಲಸ ನಡೆಯುತ್ತಿದೆ ಅನ್ನುವುದೇ ಅದೇ ಕೌನ್ಸಿಲ್‌ನ ಆರೋಗ್ಯಾಧಿಕಾರಿಗೆ ತಿಳಿದಿರಲಿಲ್ಲ. ಒಂದೇ ಕೌನ್ಸಿಲ್, ಎರಡು ಇಲಾಖೆ, ನಡುವೆ ಒಂದು ಮಾತಿಲ್ಲ.

ಇನ್ನು ಹೊಗೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಮೇಲೆ ಹೊಗೆಮಂಜು ಕೂತುಬಿಟ್ಟಿತು. ಆಗಿನ ಲೆಕ್ಕದಲ್ಲೇ ಸುಮಾರು 4,000 ಸಾವು, ನಂತರ ಲೆಕ್ಕ ಹಾಕಿದವರು 12,000ದ ತನಕ ಹೇಳುತ್ತಾರೆ. 1956ರಲ್ಲಿ ಶುದ್ಧಗಾಳಿ ಕಾನೂನು ಬಂತು. ಎಲ್ಲರೂ ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ, ಕಾನೂನು ಬಂತು ಗಾಳಿ ಶುದ್ಧವಾಯಿತು ಅಂತ. ಆದರೆ ಯಾವ ಬೀದಿಯಿಂದ ಯಾವ ಬೀದಿಗೆ ಹೊಗೆ ನಿಷೇಧ ಅಂತ ಗೆರೆ ಎಳೆಯಬೇಕಾದದ್ದು ಕೌನ್ಸಿಲ್. ಗೆರೆ ಎಳೆದ ಮೇಲೆ ಒಂದೊಂದು ಮನೆಗೂ ಇನ್‌ಸ್ಪೆಕ್ಟರ್ ಹೋಗಬೇಕು, ಎಷ್ಟು ಒಲೆ, ಯಾವುದು ಬದಲಾಯಿಸಬೇಕು, ಖರ್ಚೆಷ್ಟು ಅಂತ ಬರೆದುಕೊಳ್ಳಬೇಕು. ಖರ್ಚಿನ 10ರಲ್ಲಿ 7 ಪಾಲು ಸರ್ಕಾರ ಮತ್ತು ಕೌನ್ಸಿಲ್ ಸೇರಿ ಕೊಡುತ್ತಿದ್ದವು, ಮನೆಯವರದು 3 ಪಾಲು. ಆ 3 ಪಾಲಿಗೇ ಜನ ಮುಖ ಸಿಂಡರಿಸುತ್ತಿದ್ದರು. ಗಣಿ ಸೀಮೆಗಳಲ್ಲಿ ಇನ್ನೂ ಕಷ್ಟ, ಗಣಿ ಕೆಲಸಗಾರನಿಗೆ ಕಲ್ಲಿದ್ದಲು ಸಂಬಳದ ಜೊತೆ ಬರುತ್ತದೆ, ಅದನ್ನು ಸುಡಬೇಡ ಅಂತ ಹೇಳುವ ಧೈರ್ಯ ಯಾವ ಕೌನ್ಸಿಲರಿಗೆ?

ಒಂದು ಉಪಕಥೆ. 1951ರ ಜನಗಣತಿಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಂಸಾರಗಳ ಮನೆಯಲ್ಲಿ ಸ್ನಾನದ ತೊಟ್ಟಿಯೇ ಇರಲಿಲ್ಲ. ಕೌನ್ಸಿಲ್‌ನ ಸ್ನಾನಗೃಹಕ್ಕೆ ಹೋಗಬೇಕು, ದುಡ್ಡು ಕೊಟ್ಟು ಕೋಣೆ ಹಿಡಿಯಬೇಕು. ನಲ್ಲಿ ತಿರುಗಿಸುವುದು ಹೊರಗಿರುವ ಆಳು. ಒಳಗಿನಿಂದ 'ಏಳನೇ ನಂಬರಿಗೆ ಬಿಸಿನೀರು' ಅಂತ ಕೂಗಬೇಕು. ಪಕ್ಕದ ಕೋಣೆಯ ತುಂಟ ಬೇಕೆಂದೇ ನಿಮ್ಮ ನಂಬರ್ ಕೂಗಿದರೆ ನಿಮ್ಮ ಕಾಲು ಬೇಯುತ್ತಿತ್ತು.


ಉತ್ತರದಚಳಿ:

ನಾನು ಗ್ಲಾಸ್ಗೋದಲ್ಲಿ ಇರುವವನು. ಸ್ಕಾಟ್ಲೆಂಡಿನದು ಬೇರೆ ಕಾನೂನು, 1947ರದು, ಜಾರಿಗೆ ಬಂದದ್ದು ಮಾತ್ರ ಅದೇ ದಿನ. ಜಾಸ್ತಿ ಬರೆಯಲ್ಲ, ಒಂದೇ ಒಂದು ವಿಷಯ.

1957ರ ಮಾರ್ಚ್–ಏಪ್ರಿಲ್‌ನಲ್ಲಿ ಇಲ್ಲಿ 5 ವಾರ ಕ್ಷಯದ ಎಕ್ಸ್‌ರೇ ಅಭಿಯಾನ ನಡೆಯಿತು. 5 ವಾರದಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಎದೆಯ ಫೋಟೋ ತೆಗೆಸಿಕೊಂಡರು. ಎಕ್ಸ್‌ರೇ ಗಾಡಿಗಳು ಬೀದಿಬೀದಿಗೆ, ಸಾವಿರಾರು ಸ್ವಯಂಸೇವಕರು ಮನೆಮನೆಗೆ. ತೆಗೆಸಿಕೊಂಡವರಿಗೆ ಎದೆಗೆ ಚುಚ್ಚಿಕೊಳ್ಳಲು ಬ್ಯಾಡ್ಜ್, ಜೊತೆಗೆ ಲಾಟರಿ ಎತ್ತಿ ಬಹುಮಾನ. ಬಹುಮಾನಗಳಲ್ಲಿ ಕಾರು ಕೂಡ ಇತ್ತು! ನನ್ನ ಮೇಲಿನ ಮಹಡಿಯ ಅಜ್ಜಿ ಆಗ ಹುಡುಗಿ. ಕೇಳಿದರೆ ಕ್ಷಯದ ಮಾತೇ ಎತ್ತುವುದಿಲ್ಲ, ಪಕ್ಕದ ಬೀದಿಯವರಿಗೆ ಬಹುಮಾನ ಬಂತು ನಮಗೆ ಬರಲಿಲ್ಲ ಅನ್ನುವುದನ್ನು ಮಾತ್ರ ಇವತ್ತಿಗೂ ಹೇಳುತ್ತಾಳೆ.

ಇಂಗ್ಲೆಂಡಿನಲ್ಲಿ ಪೋಲಿಯೋ ಲಸಿಕೆಗೆ ಇಂಥ ಬಹುಮಾನ ಬೇಕಾಗಲಿಲ್ಲ. 1956ರಿಂದ ಲಸಿಕೆ ಇದ್ದರೂ ಹರೆಯದವರು ಬರುತ್ತಿರಲಿಲ್ಲ. 1959ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಯ ಫುಟ್‌ಬಾಲ್ ಆಟಗಾರ ಜೆಫ್ ಹಾಲ್ ಪೋಲಿಯೋದಿಂದ ತೀರಿಕೊಂಡರು, ಇಂಗ್ಲೆಂಡ್ ತಂಡಕ್ಕೂ ಆಡಿದವರು. ಮರುದಿನಗಳಲ್ಲಿ ಕ್ಲಿನಿಕ್ಕುಗಳ ಮುಂದೆ ಸಾಲೋ ಸಾಲು.


ಹಳೇಪೆಟ್ಟಿಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ, ಎರಡು ಸಲ ಓದಿದೆ. ನಮ್ಮ ಊರಿನ ಆ ಕಾಲದ ವಾರ್ಷಿಕ ವರದಿ ಎಲ್ಲಿ ಸಿಗಬಹುದು? ಕಾರ್ಡ್ ಏನು ಮಾಡಲಿ ಅನ್ನುವುದೂ ಹೇಳಿ. ಮಗುವಿನ ಹೆಸರು ಸ್ಪಷ್ಟವಾಗಿದೆ, ಫೋಟೋ ತೆಗೆದು ಇಲ್ಲಿ ಹಾಕಲೇ?


ಕಡತದಹುಳ:

ಫೋಟೋ ಹಾಕಬೇಡಿ. 1948ರಲ್ಲಿ ಹುಟ್ಟಿದ ಮಗು ಅಂದರೆ ಆ ಮನುಷ್ಯ ಇನ್ನೂ ಇರಬಹುದು, ಅದೇ ಊರಿನಲ್ಲೇ ಇರಬಹುದು. ಹೆಸರು ಮುಚ್ಚಿ ಮುದ್ರೆಯ ಭಾಗ ಮಾತ್ರ ಹಾಕಿದರೆ ಸರಿ, ಆ ಓರೆ ಮುದ್ರೆ ನೋಡಲು ನನಗೂ ಆಸೆ.

ಲಂಡನ್ ವರದಿಗಳನ್ನು ವೈದ್ಯಕೀಯ ಇತಿಹಾಸದ ಗ್ರಂಥಾಲಯವಾದ ವೆಲ್‌ಕಮ್ ಕಲೆಕ್ಷನ್‌ನವರು ಸ್ಕ್ಯಾನ್ ಮಾಡಿ ಬಿಟ್ಟಿಯಾಗಿ ಇಟ್ಟಿದ್ದಾರೆ. ನಿಮ್ಮ ಊರಿನದಕ್ಕೆ ಕೌಂಟಿಯ ದಾಖಲೆ ಕಚೇರಿಯಲ್ಲಿ ಕೇಳಿ. ಬರೋ ಆರೋಗ್ಯಾಧಿಕಾರಿಯ 1947 ಮತ್ತು 1948 ಎರಡೂ ವರ್ಷದ ವರದಿ ಬೇಕು ಅನ್ನಿ. ಮೊದಲನೆಯದರಲ್ಲಿ ಮಕ್ಕಳ ಕ್ಲಿನಿಕ್ಕಿನ ಲೆಕ್ಕ ಇರಬೇಕು, ಎರಡನೆಯದರಲ್ಲಿ ಅರ್ಧ ವರ್ಷಕ್ಕೇ ನಿಂತಿರಬೇಕು. ಕಾರ್ಡನ್ನೂ ಅವರಿಗೇ ಕೊಡಬಹುದು.


ನಿವೃತ್ತನರ್ಸ್:

ಕೊಡುವ ಮುಂಚೆ ಕೊನೆಯ ಸಾಲು ಏನಿದೆ ಹೇಳಿ ಮಗಾ. ತೂಕ ಎಷ್ಟಾಯಿತು?


ಹಳೇಪೆಟ್ಟಿಗೆ:

1950ರ ಮಾರ್ಚ್ ಅಮ್ಮ. 24 ಪೌಂಡ್ 6 ಔನ್ಸ್. ಪಕ್ಕದಲ್ಲಿ 'ಬಟ್ಟೆ ಸಮೇತ, ನಿಲ್ಲಲು ಒಪ್ಪಲಿಲ್ಲ' ಅಂತಿದೆ.